ರೋಹನ್ ಬೋಪಣ್ಣ: ಜೋಡಿಯಾಟದ ಎರಡು ದಶಕ

ಟೆನಿಸ್‌ನಲ್ಲಿ ವಿಶ್ವದ ಅಗ್ರಸ್ಥಾನ ಎಂಬುದು ಒಂದೇ ಪಂದ್ಯಾವಳಿಯ ಗೆಲುವಿನಿಂದ ದಕ್ಕುವಂಥದ್ದಲ್ಲ. ಹಿಂದಿನ 52 ವಾರಗಳ ಸಾಧನೆಯನ್ನು ಅಂಕಗಳಲ್ಲಿ ಅಳೆದು, ಪ್ರತಿ ವಾರ ಹಳೆಯ ಅಂಕಗಳನ್ನು ಕಳೆಯುತ್ತ ಹೊಸದನ್ನು ಕೂಡಿಸುತ್ತ ಸಿದ್ಧಪಡಿಸುವ ಪಟ್ಟಿಯಿಂದ ಅದು ನಿರ್ಧಾರವಾಗುತ್ತದೆ. ಒಬ್ಬರಿಗೊಬ್ಬರು ಎದುರಾಗಿ ಆಡುವ ಸಿಂಗಲ್ಸ್‌ಗೆ ಒಂದು ಪಟ್ಟಿಯಾದರೆ, ಇಬ್ಬಿಬ್ಬರು ಜೊತೆಯಾಗಿ ಆಡುವ ಡಬಲ್ಸ್‌ಗೆ ಇನ್ನೊಂದು. 2024ರ ಜನವರಿ 29ರಂದು ಪ್ರಕಟವಾದ ಪುರುಷರ ಡಬಲ್ಸ್ ಪಟ್ಟಿಯ ತುದಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ ಅವರ ಹೆಸರಿತ್ತು. ಆಗ ಅವರಿಗೆ 43 ವರ್ಷ. ಅಷ್ಟು ವಯಸ್ಸಿನಲ್ಲಿ ಆ ಸ್ಥಾನದಲ್ಲಿ ನಿಂತವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಭಾರತೀಯರಲ್ಲಿ ಲಿಯಾಂಡರ್ ಪೇಸ್, ಮಹೇಶ್ ಭೂಪತಿ ಮತ್ತು ಸಾನಿಯಾ ಮಿರ್ಜಾ ಅವರ ನಂತರ ಡಬಲ್ಸ್‌ನ ಅಗ್ರಸ್ಥಾನಕ್ಕೇರಿದ ನಾಲ್ಕನೆಯವರು ಅವರು.

ಈ ಸಾಧನೆಯನ್ನು ಕುರಿತ ಹೆಚ್ಚಿನ ಬರಹಗಳು ವಯಸ್ಸಿನ ಸುತ್ತಲೇ ಸುತ್ತಿದವು. ವಯಸ್ಸು ಅಚ್ಚರಿಯ ಸಂಗತಿಯೇ ಹೌದಾದರೂ, ಅದನ್ನಷ್ಟೇ ಹೇಳಿದರೆ ಅವರು ಎರಡು ದಶಕಗಳಿಗೂ ಹೆಚ್ಚು ಕಾಲ ಕಲಿತು ತಿದ್ದಿಕೊಂಡ ಕಸುಬು ಮರೆಗೆ ಸರಿಯುತ್ತದೆ. ಬೋಪಣ್ಣ ಅವರ ಬದುಕು ಅರ್ಥವಾಗಬೇಕಾದರೆ ಮೊದಲು ಡಬಲ್ಸ್ ಎಂಬ ಆಟ ಅರ್ಥವಾಗಬೇಕು.

ಟೆನಿಸ್ ಅಂಕಣದ ಉದ್ದ 78 ಅಡಿ. ಸಿಂಗಲ್ಸ್‌ನಲ್ಲಿ ಅದರ ಅಗಲ 27 ಅಡಿಯಾದರೆ, ಡಬಲ್ಸ್‌ನಲ್ಲಿ ಎರಡೂ ಬದಿಯ ನಾಲ್ಕೂವರೆ ಅಡಿಯ ಪಟ್ಟಿಗಳು ಸೇರಿ 36 ಅಡಿಯಾಗುತ್ತದೆ. ಆದ್ದರಿಂದ ಸಿಂಗಲ್ಸ್ ಆಟಗಾರ 27 ಅಡಿಯನ್ನು ಒಬ್ಬನೇ ಕಾಯಬೇಕಾದಲ್ಲಿ ಡಬಲ್ಸ್ ಆಟಗಾರನ ಪಾಲಿಗೆ ಬರುವುದು 18 ಅಡಿ ಮಾತ್ರ. ಓಟ ಕಡಿಮೆಯಾಗುತ್ತದೆ, ಯೋಚನೆಗೆ ಸಿಗುವ ಸಮಯವೂ ಅಷ್ಟೇ ಕಡಿಮೆಯಾಗುತ್ತದೆ. ಒಬ್ಬ ಸರ್ವ್ ಮಾಡುವಾಗ, ಎಂದರೆ ಚೆಂಡನ್ನು ಮೇಲಕ್ಕೆ ಚಿಮ್ಮಿ ಹೊಡೆದು ಆಟ ಶುರು ಮಾಡುವಾಗ, ಅವನ ಜೊತೆಗಾರ ಬಲೆಯ ಬಳಿ ನಿಂತು ಬೆನ್ನ ಹಿಂದೆ ಬೆರಳುಗಳ ಸನ್ನೆಯಿಂದ ತಾನು ಯಾವ ಕಡೆಗೆ ಜಿಗಿಯುತ್ತೇನೆಂದು ತಿಳಿಸುತ್ತಾನೆ. ಎದುರಾಳಿ ಹಿಂತಿರುಗಿಸಿದ ಚೆಂಡು ನೆಲಕ್ಕೆ ಬೀಳುವ ಮೊದಲೇ ಅದನ್ನು ತಡೆದು ಹೊಡೆಯುವುದು, ಅಂದರೆ ವಾಲಿ ಮಾಡುವುದು ಅವನ ಕೆಲಸ. ಹೀಗಾಗಿ ಬಲವಾದ ಸರ್ವ್, ಬಲೆಯ ಬಳಿಯ ಚುರುಕು ಕೈ ಮತ್ತು ಜೊತೆಗಾರನ ಮನಸ್ಸನ್ನು ಓದುವ ಶಕ್ತಿ ಇದ್ದವನಿಗೆ ಕಾಲಿನ ವೇಗ ಸ್ವಲ್ಪ ಕುಂದಿದರೂ ಡಬಲ್ಸ್‌ನಲ್ಲಿ ಬಾಳಿಕೆ ಇರುತ್ತದೆ. ಆರಡಿ ಮೀರಿದ ಎತ್ತರದ ಬೋಪಣ್ಣ ಅವರ ದೊಡ್ಡ ಬಂಡವಾಳ ಸರ್ವ್ ಆಗಿತ್ತು.

ಅವರು ಹುಟ್ಟಿದ್ದು 1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ, ಬೆಳೆದದ್ದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಹಾಕಿ ಆಟಗಾರರಿಗೆ ಹೆಸರಾದ ಆ ನಾಡಿನಲ್ಲಿ ಹನ್ನೊಂದನೆಯ ವಯಸ್ಸಿಗೆ ಟೆನಿಸ್ ರ್‍ಯಾಕೆಟ್ ಹಿಡಿದದ್ದು ಸಾಮಾನ್ಯ ಆಯ್ಕೆಯಾಗಿರಲಿಲ್ಲ. ಸರ್ವ್‌ಗೆ ಬೇಕಾದ ತೋಳಿನ ಬಲಕ್ಕಾಗಿ ಸೌದೆ ಒಡೆದದ್ದನ್ನೂ, ದಮ್ಮು ಹೆಚ್ಚಲೆಂದು ಕಾಫಿ ತೋಟಗಳ ನಡುವೆ ಓಡಿದ್ದನ್ನೂ, ಬಿರುಕು ಬಿಟ್ಟ ಅಂಕಣಗಳಲ್ಲಿ ಆಡಿದ್ದನ್ನೂ ನಿವೃತ್ತಿಯ ಸಂದರ್ಭದಲ್ಲಿ ಅವರೇ ನೆನೆದಿದ್ದಾರೆ.

ಈ ಬಿರುಕು ಬಿಟ್ಟ ಅಂಕಣದ ಮಾತು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಓದುಗರಿಗೆ ಬೇರೆಯದೇ ರೀತಿಯಲ್ಲಿ ತಟ್ಟಬೇಕು. ಸುತ್ತಲಿನ ಖಾಲಿ ಜಾಗವೂ ಸೇರಿದಂತೆ ಒಂದು ಅಂಕಣಕ್ಕೆ 120 ಅಡಿ ಉದ್ದ, 60 ಅಡಿ ಅಗಲದ ನೆಲ ಬೇಕು. ಅದು ಸುಮಾರು ಆರೂವರೆ ಗುಂಟೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿದ ಮೇಲೆ ಈ ಭಾಗದಲ್ಲಿ ಗುಂಟೆಯ ಬೆಲೆ ಏರಿದ ಬಗೆಯನ್ನು ಬಲ್ಲವರಿಗೆ, ಟೆನಿಸ್ ಏಕೆ ಹಳ್ಳಿಯ ಶಾಲೆಯ ಮೈದಾನಕ್ಕೆ ಇಳಿಯದೆ ಕ್ಲಬ್ಬುಗಳಲ್ಲೂ ವಸತಿ ಸಮುಚ್ಚಯಗಳಲ್ಲೂ ಉಳಿಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗಳಿಗೆ ಇದಕ್ಕಿಂತ ಕಡಿಮೆ ನೆಲ ಸಾಕು, ಆಡುವ ಮಕ್ಕಳು ಹೆಚ್ಚು. ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳಿರುವುದು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ. ದೊಡ್ಡಬಳ್ಳಾಪುರದ ಮಗುವಿಗೆ ಅದು ದಿನವೂ ಹೋಗಿ ಬರಬಹುದಾದ ದೂರವಲ್ಲ. ಒಂದೇ ಅಂಕಣದಲ್ಲಿ ಇಬ್ಬರ ಬದಲು ನಾಲ್ವರು ಆಡಬಹುದಾದ ಡಬಲ್ಸ್, ನೆಲ ದುಬಾರಿಯಾದ ಇಂಥ ಕಡೆಗಳಲ್ಲಿ ಮಕ್ಕಳಿಗೆ ಕಲಿಸಲು ಹೆಚ್ಚು ಒದಗುವ ಆಟವೆಂಬುದನ್ನೂ ಇಲ್ಲಿ ಗಮನಿಸಬೇಕು.

ಬೋಪಣ್ಣ ಆರಂಭದಲ್ಲಿ ಸಿಂಗಲ್ಸನ್ನೂ ಆಡುತ್ತಿದ್ದರು, ಆದರೆ ಆ ಪಟ್ಟಿಯಲ್ಲಿ ಮೊದಲ 200ರೊಳಗೆ ಬರಲಾಗಲಿಲ್ಲ. ದೇಶಕ್ಕಾಗಿ ಆಡುವ ಡೇವಿಸ್ ಕಪ್‌ಗೆ 2002ರಲ್ಲಿ ಆಯ್ಕೆಯಾದ ಅವರು, ಮರುವರ್ಷ ವೃತ್ತಿಪರರಾದರು. 2008ರಲ್ಲಿ ಎರಿಕ್ ಬ್ಯುಟೊರಾಕ್ ಜೊತೆಗೂಡಿ ಲಾಸ್ ಏಂಜಲೀಸ್‌ನಲ್ಲಿ ವೃತ್ತಿಪರ ಟೂರ್‌ನ ಮೊದಲ ಡಬಲ್ಸ್ ಪ್ರಶಸ್ತಿ ಗೆದ್ದರು. ಸಿಂಗಲ್ಸ್ ಆಟಗಾರನಾಗಿ ಅವರ ಅತ್ಯಂತ ಹೆಮ್ಮೆಯ ಗಳಿಗೆ ಬಂದದ್ದು 2010ರ ಸೆಪ್ಟೆಂಬರ್‌ನಲ್ಲಿ, ಚೆನ್ನೈನಲ್ಲಿ. ಆಗಿನ ಡೇವಿಸ್ ಕಪ್ ಮುಖಾಮುಖಿಯಲ್ಲಿ ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್ ಪಂದ್ಯಗಳಿರುತ್ತಿದ್ದವು. ಬ್ರೆಜಿಲ್ ವಿರುದ್ಧ ಮೊದಲ ದಿನದ ಎರಡನ್ನೂ ಸೋತಿದ್ದ ಭಾರತ 2–2ಕ್ಕೆ ತಂದು ನಿಲ್ಲಿಸಿದಾಗ, ನಿರ್ಣಾಯಕ ಐದನೆಯ ಪಂದ್ಯದಲ್ಲಿ ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿದವರು ಬೋಪಣ್ಣ.

ಅದೇ ತಿಂಗಳ ಆರಂಭದಲ್ಲಿ ಅವರು ನ್ಯೂಯಾರ್ಕ್‌ನ ಅಮೆರಿಕ ಓಪನ್ ಫೈನಲ್‌ನಲ್ಲಿದ್ದರು, ಜೊತೆಗಾರ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ. ಬ್ರಯಾನ್ ಸಹೋದರರ ಎದುರು ಎರಡೂ ಸೆಟ್‌ಗಳನ್ನು ಟೈಬ್ರೇಕ್‌ನಲ್ಲಿ ಕಳೆದುಕೊಂಡು ಅವರು ಸೋತರಾದರೂ, ವಿಶ್ವಸಂಸ್ಥೆಯಲ್ಲಿನ ಭಾರತ ಮತ್ತು ಪಾಕಿಸ್ತಾನದ ಪ್ರತಿನಿಧಿಗಳು ಅಕ್ಕಪಕ್ಕ ಕುಳಿತು ಆ ಪಂದ್ಯವನ್ನು ನೋಡಿದರು. ಯುದ್ಧ ನಿಲ್ಲಲಿ, ಟೆನಿಸ್ ಶುರುವಾಗಲಿ ಎಂಬ ಅರ್ಥದ ಬರಹವಿದ್ದ ಅಂಗಿ ತೊಟ್ಟು ಶಾಂತಿಯನ್ನು ಸಾರಿದ ಈ ಜೋಡಿಗೆ ಆ ವರ್ಷ ಆರ್ಥರ್ ಆಶ್ ಹೆಸರಿನ ಮಾನವೀಯತೆಯ ಪ್ರಶಸ್ತಿ ದೊರೆಯಿತು. ಆ ಕಾಲದ ಉಪಖಂಡದಲ್ಲಿ ಇಬ್ಬರು ಆಟಗಾರರು ಇಷ್ಟು ಸಹಜವಾಗಿ ಒಂದಾಗಿ ನಿಂತದ್ದು ಯಾವ ಟ್ರೋಫಿಗೂ ಕಡಿಮೆಯದಲ್ಲ.

ನಂತರದ ವರ್ಷಗಳಲ್ಲಿ ಏಳುಬೀಳು ಎರಡೂ ಇದ್ದವು. ಟೆನಿಸ್‌ನ ನಾಲ್ಕು ಅತಿದೊಡ್ಡ ಟೂರ್ನಿಗಳಾದ ಗ್ರ್ಯಾನ್‌ಸ್ಲಾಮ್‌ಗಳ ನಂತರದ ದರ್ಜೆಯ ಮಾಸ್ಟರ್ಸ್ ಟೂರ್ನಿಗಳಲ್ಲಿ ಒಂದಾದ ಪ್ಯಾರಿಸ್ ಪ್ರಶಸ್ತಿಯನ್ನು 2011ರಲ್ಲಿ ಖುರೇಷಿ, 2012ರಲ್ಲಿ ಭೂಪತಿ ಅವರೊಂದಿಗೆ ಗೆದ್ದರು. 2012ರ ಲಂಡನ್ ಒಲಿಂಪಿಕ್ಸ್‌ನ ಜೋಡಿ ಆಯ್ಕೆಯ ವಿವಾದದಲ್ಲಿ ರಾಷ್ಟ್ರೀಯ ಟೆನಿಸ್ ಸಂಸ್ಥೆ ಬೋಪಣ್ಣ ಮತ್ತು ಭೂಪತಿ ಅವರ ಮೇಲೆ ಹೇರಿದ ನಿಷೇಧಕ್ಕೆ ಕರ್ನಾಟಕ ಹೈಕೋರ್ಟ್ ತಡೆ ನೀಡಿತು. 2014ರಲ್ಲಿ ಬೆಂಗಳೂರಿನಲ್ಲೇ ನಡೆದ ಸರ್ಬಿಯಾ ವಿರುದ್ಧದ ಡೇವಿಸ್ ಕಪ್‌ನಲ್ಲಿ ಪೇಸ್ ಜೊತೆಗೂಡಿ ಮೊದಲೆರಡು ಸೆಟ್ ಸೋತ ಮೇಲೆ ಮೂರು ಸೆಟ್ ಗೆದ್ದು ತವರಿನ ಜನರನ್ನು ರೋಮಾಂಚನಗೊಳಿಸಿದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಅವರೊಂದಿಗೆ ಮಿಶ್ರ ಡಬಲ್ಸ್‌ನ ಕಂಚಿನ ಪಂದ್ಯ ಸೋತು ನಾಲ್ಕನೆಯವರಾದರು. ಪದಕವಿಲ್ಲದ ಆ ನಾಲ್ಕನೆಯ ಸ್ಥಾನ ಅವರ ಬದುಕಿನ ದೊಡ್ಡ ನೋವುಗಳಲ್ಲಿ ಒಂದೆಂದು ಧಾರಾಳವಾಗಿ ಹೇಳಬಹುದು. ಮರುವರ್ಷ ಕೆನಡಾದ ಗೇಬ್ರಿಯೆಲಾ ಡಬ್ರೌಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ, ಒಂದೇ ಅಂಕ ಹೋದರೆ ಸೋಲು ಎಂಬ ಸ್ಥಿತಿಯಿಂದ ಎರಡು ಬಾರಿ ಪಾರಾಗಿ, 2–6, 6–2, 12–10ರಿಂದ ಗೆದ್ದು ಮೊದಲ ಗ್ರ್ಯಾನ್‌ಸ್ಲಾಮ್ ಕಿರೀಟ ಪಡೆದರು.

ಅಷ್ಟರಲ್ಲಿ ಮಂಡಿಗಳು ಸವೆದಿದ್ದವು. ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ ತೇಯ್ದುಹೋಗಿ, ನೋವು ನಿವಾರಕ ಮಾತ್ರೆಗಳ ಆಸರೆಯಲ್ಲಿ ಆಡಬೇಕಾದ ದಿನಗಳು ಬಂದವು. ಕೋವಿಡ್ ಕಾಲದಲ್ಲಿ ಅವರು ಅಯ್ಯಂಗಾರ್ ಯೋಗ ಪದ್ಧತಿಯತ್ತ ತಿರುಗಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ರೂಪಿಸಿದ ಈ ಪದ್ಧತಿಯಲ್ಲಿ ಹಗ್ಗ, ಪಟ್ಟಿ, ಮರದ ತುಂಡುಗಳ ಆಧಾರದಿಂದ ದೇಹವನ್ನು ಸರಿಯಾದ ನಿಲುವಿನಲ್ಲಿ ಹೆಚ್ಚು ಹೊತ್ತು ನಿಲ್ಲಿಸಿ, ಕೀಲಿನ ಮೇಲಿನ ಭಾರವನ್ನು ಸುತ್ತಲಿನ ಸ್ನಾಯುಗಳು ಹೊರುವಂತೆ ಮಾಡುತ್ತಾರೆ. ಸವೆದದ್ದು ಮರಳಿ ಬರಲಿಲ್ಲ, ಆದರೆ ನೋವು ತಗ್ಗಿತು. 2021ರಲ್ಲಿ ತಿಂಗಳುಗಟ್ಟಲೆ ಗೆಲುವೇ ಕಾಣದೆ ಆಟ ಬಿಡುವ ಯೋಚನೆಗೆ ಬಂದಿದ್ದ ಬೋಪಣ್ಣ ಮತ್ತೆ ಗಟ್ಟಿಯಾಗಲು ಇದು ಮುಖ್ಯ ಕಾರಣವೆಂದು ಅವರೇ ಹೇಳಿದ್ದಾರೆ.

ಇನ್ನೊಂದು ಕಾರಣ ಜೊತೆಗಾರ. 2023ರಿಂದ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಅವರ ಜೊತೆಯಾದರು. ಬೋಪಣ್ಣ ಅವರ ಸರ್ವ್‌ನ ಭಾರಕ್ಕೆ ಎಬ್ಡೆನ್ ಅವರ ಚುರುಕು ಕಾಲುಗಳು ಸರಿಹೊಂದಿದವು. ಅದೇ ವರ್ಷ ಇಂಡಿಯನ್ ವೆಲ್ಸ್ ಪ್ರಶಸ್ತಿ, ಅಮೆರಿಕ ಓಪನ್ ಫೈನಲ್; ಮರುವರ್ಷದ ಆಸ್ಟ್ರೇಲಿಯನ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ಗೆದ್ದಾಗಲೇ ಅಗ್ರಸ್ಥಾನ ಖಚಿತವಾಯಿತು, ಟೂರ್ನಿಯ ನಡುವೆಯೇ ಪದ್ಮಶ್ರೀ ಘೋಷಣೆಯಾಯಿತು, ಜನವರಿ 27ರಂದು ಇಟಲಿಯ ಬೊಲೆಲ್ಲಿ ಮತ್ತು ವವಸ್ಸೋರಿ ಜೋಡಿಯನ್ನು 7–6, 7–5ರಿಂದ ಸೋಲಿಸಿ ಪುರುಷರ ಡಬಲ್ಸ್‌ನ ಮೊದಲ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಕೈಸೇರಿತು. ಮೊದಲ ಸೆಟ್‌ನ ಟೈಬ್ರೇಕ್‌ನಲ್ಲಿ ಎದುರಾಳಿಗೆ ಒಂದು ಅಂಕವನ್ನೂ ಬಿಟ್ಟುಕೊಟ್ಟಿರಲಿಲ್ಲ. ಮಾರ್ಚ್‌ನಲ್ಲಿ 44 ತುಂಬಿದ ಮೇಲೆ ಮಯಾಮಿ ಟೂರ್ನಿಯನ್ನೂ ಗೆದ್ದರು.

ಡೇವಿಸ್ ಕಪ್‌ಗೆ ಅವರು 2023ರ ಸೆಪ್ಟೆಂಬರ್‌ನಲ್ಲಿ ಮೊರಾಕ್ಕೊ ವಿರುದ್ಧ ಆಡಿ ವಿದಾಯ ಹೇಳಿದರು. ಆ ಪಂದ್ಯ ಬೆಂಗಳೂರಿನಲ್ಲಿ ನಡೆಯಲೆಂಬ ಅವರ ಆಸೆ ಈಡೇರದೆ ಲಖನೌದಲ್ಲಿ ನಡೆದದ್ದು ಕನ್ನಡಿಗರಿಗೆ ಉಳಿದುಹೋದ ಕೊರತೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ನಂತರ ಭಾರತದ ಪರ ಆಡುವುದನ್ನು ನಿಲ್ಲಿಸಿದ ಬೋಪಣ್ಣ, 2025ರ ನವೆಂಬರ್ 1ರಂದು ವೃತ್ತಿಪರ ಟೆನಿಸ್‌ನಿಂದಲೂ ನಿವೃತ್ತಿ ಘೋಷಿಸಿದರು. ಅವರ ಕೊನೆಯ ಟೂರ್ನಿ, ಹಿಂದೆ ಎರಡು ಬಾರಿ ಗೆದ್ದಿದ್ದ ಪ್ಯಾರಿಸ್ ಮಾಸ್ಟರ್ಸ್. ಬೆಂಗಳೂರಿನಲ್ಲಿ ಅವರು ಕಟ್ಟಿದ ಅಕಾಡೆಮಿಯಲ್ಲಿ ಮಕ್ಕಳ ತರಬೇತಿ ಅದಕ್ಕೂ ಬಹಳ ಮೊದಲೇ ಶುರುವಾಗಿತ್ತು.