ದೀಪ ಉರಿಯುತ್ತದೆ, ಎಂಜಿನು ತಿರುಗದು

ಸುರಪುರದಲ್ಲಿ ಹಳೆಯ ಪಿಕಪ್ ಗಾಡಿಗಳನ್ನು ಇಳಿಜಾರು ನೋಡಿ ನಿಲ್ಲಿಸುವ ಚಾಲಕರನ್ನು ನಾನು ಕಂಡಿದ್ದೇನೆ. ಊರು ಬೆಟ್ಟಗಳ ನಡುವೆ ಇರುವುದರಿಂದ ಇಳಿಜಾರಿಗೆ ಅಲ್ಲಿ ಕೊರತೆಯಿಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದಾಗ ಎಂಜಿನು ಎಚ್ಚರಗೊಳ್ಳದಿದ್ದರೆ ಗಾಡಿಯನ್ನು ಉರುಳಬಿಟ್ಟು, ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ಸಡಿಲಿಸಿದರೆ ಸಾಕು. ಅದು ಗುಡುಗುಟ್ಟಿ ಹೊರಡುತ್ತದೆ. ಆದರೆ ಶಹಾಪುರದ ಕಡೆಯ ಎರೆಹೊಲದ ಬದುವಿನಲ್ಲಿ, ತೊಗರಿಯ ಚೀಲಗಳನ್ನು ಹೇರಿಕೊಂಡು ನಿಂತ ಗಾಡಿಗೆ ಈ ಉಪಾಯ ನಡೆಯದು.

ನನ್ನ ಸೋದರಮಾವನ ಗಾಡಿಗೆ ಒದಗಿದ್ದು ಇದೇ ಗತಿ. ಬೆಳಕು ಹರಿಯುವಷ್ಟರಲ್ಲಿ ಯಾದಗಿರಿಯ ಮಾರುಕಟ್ಟೆಯನ್ನು ಮುಟ್ಟಬೇಕಾಗಿದ್ದ ಮಾಲು ಹೊಲದಲ್ಲಿಯೇ ಉಳಿಯಿತು. ಅದಕ್ಕೆ ಒಂದು ವಾರದ ಹಿಂದೆಯಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದರು. ಕೀಲಿ ತಿರುಗಿಸಿದೊಡನೆ ಮುಂದಿನ ದೀಪಗಳು ಮಂಕಾಗುತ್ತಿದ್ದುದೇ ಹಳೆಯ ಬ್ಯಾಟರಿಯ ಮೇಲಿನ ಆರೋಪವಾಗಿತ್ತು. ಹೊಸದು ಬಂದ ಮೇಲೂ ದೀಪಗಳು ಹಾಗೆಯೇ ಮಂಕಾದವು. ಎಂಜಿನು ಅರ್ಧ ಸುತ್ತು ನರಳಿ ನಿಂತಿತು. ಈಗ ಸ್ಟಾರ್ಟರ್ ಮೋಟಾರನ್ನೇ ಬದಲಿಸಬೇಕೆಂಬ ಸಲಹೆ ಬಂದಿತ್ತು. ರಜೆಗೆಂದು ಹೋಗಿದ್ದ ನಾನು, ಆ ಖರ್ಚಿಗೆ ಮುನ್ನ ಒಂದು ಗಂಟೆ ನನಗೆ ಕೊಡಿ ಎಂದು ಕೇಳಿಕೊಂಡೆ. ನನ್ನ ಬಳಿ ಇದ್ದುದು ಒಂದು ಸಾಧಾರಣ ಮಲ್ಟಿಮೀಟರ್ ಮಾತ್ರ.

ಗಾಡಿ ಡೀಸೆಲಿನದು. ಅದರಲ್ಲಿ ಇಂಧನವನ್ನು ಹೊತ್ತಿಸಲು ವಿದ್ಯುತ್ ಕಿಡಿ ಬೇಕಿಲ್ಲ. ಬಲವಾಗಿ ಒತ್ತಲ್ಪಟ್ಟ ಗಾಳಿಯ ಬಿಸಿಯೇ ಆ ಕೆಲಸವನ್ನು ಮಾಡುತ್ತದೆ. ಇಳಿಜಾರಿನಲ್ಲಿ ಉರುಳಿಸಿದಾಗ ಎಂಜಿನು ಹೊರಡುತ್ತದೆಂದಮೇಲೆ ಇಂಧನ ಬರುತ್ತಿದೆ, ಒತ್ತಡ ಸರಿಯಾಗಿದೆ ಎಂದಾಯಿತು. ಉಳಿದುದು ಎಂಜಿನನ್ನು ಮೊದಲು ತಿರುಗಿಸುವ ಮಂಡಲ ಒಂದೇ. ಕೈಯಿಂದ ಹಿಡಿಕೆ ತಿರುಗಿಸುವ ಆ ಕಷ್ಟವನ್ನು ತಪ್ಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಬ್ಯಾಟರಿಯ ಧನ ತುದಿಯಿಂದ ದಪ್ಪ ತಂತಿಯೊಂದು ಮೋಟಾರಿಗೆ ಹೋಗುತ್ತದೆ. ಮರಳಿ ಬರಲು ಪ್ರತ್ಯೇಕ ತಂತಿಯಿಲ್ಲ. ಎಂಜಿನು ಮತ್ತು ಗಾಡಿಯ ಉಕ್ಕಿನ ಚೌಕಟ್ಟೇ ಮರಳುದಾರಿ. ಚೌಕಟ್ಟಿನಿಂದ ಬ್ಯಾಟರಿಯ ಋಣ ತುದಿಗೆ ಮತ್ತೊಂದು ದಪ್ಪ ತಂತಿ. ಈ ಮರಳುದಾರಿಯನ್ನು ನೋಡಬೇಕೆಂದು ಅನೇಕರಿಗೆ ಹೊಳೆಯುವುದೇ ಇಲ್ಲ.

ಗಾಡಿ ಸುಮ್ಮನಿದ್ದಾಗ ಬ್ಯಾಟರಿಯ ಎರಡು ತುದಿಗಳ ನಡುವೆ 12.6 ವೋಲ್ಟ್ ಇದ್ದಿತು. ಒಂದೊಂದು ಕೋಶಕ್ಕೆ 2.1ರಂತೆ ಆರು ಕೋಶಗಳಿಗೆ ಇದು ಸರಿಯಾದ ಲೆಕ್ಕವೇ. ಆದರೆ ಪ್ರವಾಹ ಹರಿಯದಿರುವಾಗಿನ ಈ ಅಳತೆಯಿಂದ ತಿಳಿಯುವುದು ಬಹಳ ಸ್ವಲ್ಪ. ವಿಭವದ ಕುಸಿತವು ಪ್ರವಾಹ ಮತ್ತು ರೋಧಗಳ ಗುಣಲಬ್ಧವೆಂದು ಓಮನ ನಿಯಮ ಹೇಳುತ್ತದೆ. ಪ್ರವಾಹ ಸೊನ್ನೆಯಾದರೆ, ರೋಧ ಎಷ್ಟಿದ್ದರೂ ಕುಸಿತ ಸೊನ್ನೆಯೇ. ರೋಗ ಮಲಗಿರುವಾಗ ನಾಡಿ ಹಿಡಿದಂತಾಯಿತು! ಆದುದರಿಂದ ಕೀಲಿಯನ್ನು ತಿರುಗಿಸಿ ಹಿಡಿಯುವಂತೆ ಮಾವನಿಗೆ ಹೇಳಿ, ಆ ಕೆಲವೇ ಕ್ಷಣಗಳಲ್ಲಿ ಅಳೆಯುತ್ತ ಹೋದೆ. ಗೇರು ತಟಸ್ಥವಾಗಿರಬೇಕು, ಕೈಬ್ರೇಕು ಬಿಗಿದಿರಬೇಕು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಬ್ಯಾಟರಿಯ ತುದಿಗಳ ನಡುವೆ ಈಗ 11.4 ವೋಲ್ಟ್. ಬ್ಯಾಟರಿ ನಿರಪರಾಧಿ, ಅದೇ ದೋಷಿಯಾಗಿದ್ದರೆ ಒಂಬತ್ತಕ್ಕೋ ಇನ್ನೂ ಕೆಳಕ್ಕೋ ಇಳಿಯಬೇಕಾಗಿತ್ತು. ಧನ ತುದಿಯಿಂದ ಮೋಟಾರಿನವರೆಗಿನ ತಂತಿಯಲ್ಲಿ ಕುಸಿತ 0.3. ಇದೂ ಕ್ಷಮ್ಯ. ಮೋಟಾರಿಗೆ ದೊರೆಯುತ್ತಿದ್ದುದು 6.6 ಮಾತ್ರ. ಉಳಿದುದೆಲ್ಲಿ? ಋಣ ತುದಿಗೆ ಒಂದು ಕಡ್ಡಿಯನ್ನೂ ಎಂಜಿನಿನ ಬರಿಯ ಲೋಹಕ್ಕೆ ಇನ್ನೊಂದನ್ನೂ ಮುಟ್ಟಿಸಿದೆ. ಹೆಚ್ಚುಕಡಿಮೆ ಸೊನ್ನೆ ಇರಬೇಕಾದೆಡೆ 4.5 ವೋಲ್ಟ್! 0.3, 6.6, 4.5 ಇವುಗಳನ್ನು ಕೂಡಿದರೆ 11.4. ಕಿರ್ಖಾಫ್ 1845ರಲ್ಲಿ ಹೇಳಿದ ಮಂಡಲ ನಿಯಮವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಬರೆಸಿದ್ದೇನೆ. ತೊಗರಿಯ ಹೊಲದಲ್ಲಿ ಅದು ಹೀಗೆ ಸರಿಹೊಂದಿದಾಗ ಆದ ಸಂತೋಷವೇ ಬೇರೆ.

ಬ್ಯಾಟರಿಯ ಆಂತರಿಕ ರೋಧವನ್ನು ಸುಮಾರು 0.008 ಓಮ್ ಎಂದು ಹಿಡಿದರೆ, ಅದರೊಳಗೆ 1.2 ವೋಲ್ಟ್ ಕುಸಿದುದರಿಂದ ಪ್ರವಾಹ 150 ಆಂಪಿಯರಿನಷ್ಟು ಎಂದು ತಿಳಿಯುತ್ತದೆ. ಹಾಗಾದರೆ ಮರಳುದಾರಿಯ ರೋಧ 4.5ನ್ನು 150ರಿಂದ ಭಾಗಿಸಿದಷ್ಟು, ಅಂದರೆ 0.03 ಓಮ್. ಇಷ್ಟು ಅಲ್ಪವೇ ಎಂದು ಓದುಗರು ಹುಬ್ಬೇರಿಸಬಹುದು. ಮಲ್ಟಿಮೀಟರನ್ನು ಓಮಿನ ಸ್ಥಾನಕ್ಕೆ ತಿರುಗಿಸಿ ನೋಡಿದೆ. ಅದು ತೋರಿಸಿದುದು 0.3. ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗಲೂ 0.3 ಬಂದಿತು. ಮೀಟರಿನ ತಂತಿಗಳ ರೋಧದಲ್ಲಿಯೇ ಕಳ್ಳ ಅಡಗಿಹೋಗಿದ್ದ.

ದೀಪಗಳ ಒಗಟೂ ಇಲ್ಲಿಯೇ ಬಿಡಿಸಿತು. ಎರಡು ದೀಪಗಳು ಕೂಡಿ ಎಳೆಯುವುದು ಸುಮಾರು 10 ಆಂಪಿಯರ್. ಆಗ ಕುಸಿತ 0.3 ವೋಲ್ಟ್ ಮಾತ್ರ. ಕಣ್ಣಿಗೆ ಅದು ತಿಳಿಯದು. ಕೀಲಿ ತಿರುಗಿಸಿದಾಗ ಅದೇ ಮರಳುದಾರಿಯಲ್ಲಿ ಮೋಟಾರಿನ ಮಹಾಪ್ರವಾಹ ನುಗ್ಗುತ್ತದೆ, ದೀಪಗಳ ಪಾಲಿಗೆ ಏಳು ವೋಲ್ಟೂ ಉಳಿಯುವುದಿಲ್ಲ. ಬಡ ಬ್ಯಾಟರಿಯ ಲಕ್ಷಣವೂ ಇದೇ ಆದುದರಿಂದ ಮೋಸಹೋಗುವುದು ಸುಲಭ.

ಋಣ ತಂತಿಯು ಚೌಕಟ್ಟಿಗೆ ಸೇರುವ ಬೋಲ್ಟು ಒಣಗಿದ ಕರಿಮಣ್ಣಿನಲ್ಲಿ ಹೂತುಹೋಗಿತ್ತು. ಅಲ್ಲಿ ಕೈಯಿಟ್ಟರೆ ಚುರುಕೆನ್ನುವಷ್ಟು ಬಿಸಿ. ಬಿಸಿಯಾಗದಿದ್ದೀತೆ? 4.5 ವೋಲ್ಟಿಗೆ 150 ಆಂಪಿಯರ್ ಎಂದರೆ 675 ವಾಟ್. ಮಾಲು ಎಳೆಸಬೇಕಾಗಿದ್ದ ಶಕ್ತಿ ಬೋಲ್ಟನ್ನು ಕಾಯಿಸುತ್ತಿತ್ತು. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದಂದಿನಿಂದ ಸುರಪುರ, ಶಹಾಪುರಗಳ ಎರೆನೆಲದಲ್ಲಿ ಬತ್ತದ ಗದ್ದೆಗಳೆದ್ದಿವೆ. ಆ ಹಸಿ ಎರೆಮಣ್ಣು ಗಾಡಿಯಡಿಗೆ ಮೆತ್ತಿಕೊಂಡರೆ ಬಹುಕಾಲ ಆರದು. ತಾಮ್ರದ ಕಡಾಣಿ, ಉಕ್ಕಿನ ಚೌಕಟ್ಟು, ನಡುವೆ ಲವಣ ಬೆರೆತ ತೇವ: 1800ರಲ್ಲಿ ವೋಲ್ಟಾ ಬೇಕೆಂದು ಜೋಡಿಸಿದುದೇ ಇಲ್ಲಿ ಬೇಡವಾಗಿ ಕೂಡಿಬಂದಿತ್ತು. ಇಂಥ ಕೋಶದಲ್ಲಿ ಸವೆಯುವುದು ಉಕ್ಕು; ತುಕ್ಕಿನ ಪದರ ಬೆಳೆದು ಸಂಪರ್ಕ ಕೆಡುತ್ತದೆ.

ಬಿಚ್ಚುವ ಮುನ್ನ ಒಂದು ಪರೀಕ್ಷೆ ಮಾಡಿದೆ. ಬೇರೊಂದು ದಪ್ಪ ತಂತಿಯನ್ನು ಋಣ ತುದಿಯಿಂದ ನೇರವಾಗಿ ಎಂಜಿನಿಗೆ ಜೋಡಿಸಿ ಕೀಲಿ ತಿರುಗಿಸಿದಾಗ ಎಂಜಿನು ಮೊದಲ ಯತ್ನದಲ್ಲಿಯೇ ಹೊರಟಿತು. ಇಂಥ ತಂತಿಯ ಕೊನೆಯ ಸಂಪರ್ಕವನ್ನು ಬ್ಯಾಟರಿಯಿಂದ ದೂರವಾದ ಲೋಹದಲ್ಲಿಯೇ ಮಾಡಬೇಕು. ಬ್ಯಾಟರಿಯಿಂದ ಹೊರಡುವ ಹೈಡ್ರೊಜನ್ನಿಗೆ ಒಂದು ಕಿಡಿ ಸಾಕು. ಇದೇ ಪರೀಕ್ಷೆಯಲ್ಲಿ ಮೋಟಾರಿಗೆ ಪೂರ್ಣ ವಿಭವ ದೊರೆತೂ ಅದು ತಿರುಗದಿದ್ದರೆ ದೋಷ ಮೋಟಾರಿನದೇ ಎನ್ನಬಹುದಾಗಿತ್ತು. ಕೀಲಿಗೆ ಟಕ್ಕೆಂಬ ಸದ್ದೂ ಬರದಿದ್ದರೆ ಹುಡುಕಬೇಕಾದುದು ದಪ್ಪ ತಂತಿಗಳಲ್ಲಲ್ಲ. ಕೀಲಿ, ಫ್ಯೂಸು, ಸೊಲೆನಾಯ್ಡಿನ ಸಣ್ಣ ತಂತಿಗಳಲ್ಲಿ.

ಋಣ ತಂತಿಯನ್ನು ಬ್ಯಾಟರಿಯಿಂದ ಮೊದಲು ಬಿಡಿಸಿ, ಬೋಲ್ಟನ್ನು ಕಳಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ತಿಕ್ಕಿ, ಬಿಗಿದು, ಮೇಲೆ ಗ್ರೀಸು ಬಳಿದೆವು. ಮತ್ತೆ ಅಳೆದಾಗ ಕುಸಿತ 0.2 ವೋಲ್ಟ್. ಹತ್ತು ಗಂಟೆಯ ಹೊತ್ತಿಗೆ ಗಾಡಿ ಯಾದಗಿರಿಯ ದಾರಿ ಹಿಡಿದಿತ್ತು. ಹಳೆಯ ಬ್ಯಾಟರಿಯನ್ನೂ ಒಮ್ಮೆ ಪರೀಕ್ಷಿಸೋಣವೆಂದು ಕೇಳಿದೆ. ಹೊಸದನ್ನು ಕೊಳ್ಳುವಾಗಲೇ ಅದು ಸೀಸದ ಬೆಲೆಗೆ, ತೂಕದ ಲೆಕ್ಕದಲ್ಲಿ ಅಂಗಡಿಗೆ ಹೋಗಿಬಿಟ್ಟಿತ್ತು.