ಎಣ್ಣೆಯ ಕಸ ಹಿಡಿಯುವ ಕ್ಯಾಮೆರಾ



ಗಂಗಾವತಿಯ ಭತ್ತ ಕೊಯ್ಯುವ ಯಂತ್ರವಿರಲಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಎರೆಹೊಲದ ಟ್ರ್ಯಾಕ್ಟರಿರಲಿ, ನಮ್ಮ ತೋಟದ ಪಂಪಿರಲಿ, ಡೀಸೆಲ್ ಎಂಜಿನ್ನಿಗೆ ಧೂಳು ಮತ್ತು ನೀರೇ ಶತ್ರು. ಕಳೆದ ಮಳೆಗಾಲದಲ್ಲಿ ನಾವು ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ್ದ ಬ್ಯಾರಲ್ಲಿನೊಳಕ್ಕೆ ಮುಚ್ಚಳದ ಸಂದಿನಿಂದ ನೀರಿಳಿದು ಪಂಪಿನ ಇಂಜೆಕ್ಟರ್ ಕೆಟ್ಟಿತು. ತಪ್ಪು ನಮ್ಮದೇ.

ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಸುಮಾರು 40 ಮೈಕ್ರಾನಿಗಿಂತ ಸಣ್ಣ ಕಣ ನಮ್ಮ ಕಣ್ಣಿಗೆ ಕಾಣದು; ಇಂಜೆಕ್ಟರಿನ ಒಳಸಂದಾದರೋ ಕೆಲವೇ ಮೈಕ್ರಾನ್. ಆದ್ದರಿಂದ ಪ್ರಯೋಗಾಲಯಗಳಲ್ಲಿ ಡೀಸೆಲ್ ಅಥವಾ ಎಂಜಿನ್ ಆಯಿಲನ್ನು ಎರಡು ಗಾಜುಗಳ ನಡುವಿನ ತೆಳು ಸಂದಿನಲ್ಲಿ ಹರಿಸಿ, ಹಿಂದಿನಿಂದ ಬೆಳಕು ಬಿಟ್ಟು, ಕಣಗಳ ನೆರಳನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಾರೆ. ಗುಂಡಗಿದ್ದರೆ ನೀರಹನಿ ಅಥವಾ ಗಾಳಿಗುಳ್ಳೆ, ಅಂಚು ಒರಟಾಗಿದ್ದರೆ ಮಣ್ಣು ಅಥವಾ ಸವೆದ ಲೋಹ, ಉದ್ದವಿದ್ದರೆ ನಾರು. 4, 6, 14 ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಎಣಿಸಿ, ಐ.ಎಸ್.ಒ. 4406 ಪ್ರಕಾರ ಶುದ್ಧತೆಯ ಅಂಕ ಕೊಡುತ್ತಾರೆ.

ಆದರೆ ಡೀಸೆಲ್ಲಿಗೆ ಬೆರೆಸಿದ ಸೀಮೆಎಣ್ಣೆ ಈ ಕ್ಯಾಮೆರಾಕ್ಕೆ ಸಿಕ್ಕದು. ಅದು ಪೂರ್ತಿ ಬೆರೆತುಹೋಗಿ ನೆರಳೇ ಬೀಳದು. ಅದಕ್ಕಾಗಿ ಬಂಕಿನಲ್ಲಿ ಸಾಂದ್ರತೆ ಅಳೆದು ತೋರಿಸಲು ಕೇಳಿರಿ; ಸಂಕೋಚ ಬೇಡ, ಅದು ಗ್ರಾಹಕರ ಹಕ್ಕು.

ಬ್ಯಾರಲ್ಲನ್ನು ಸೂರಿನಡಿ ಅಡ್ಡಲಾಗಿ ಮಲಗಿಸಿಡಿರಿ. ತಳದ ಡೀಸೆಲ್ಲನ್ನು ಗಾಜಿನ ಶೀಶೆಯಲ್ಲಿ ಒಂದು ರಾತ್ರಿ ನಿಲ್ಲಿಸಿ ನೋಡಿರಿ. ಅಡಿಯಲ್ಲಿ ನೀರು ಕಂಡರೆ ಎಂಜಿನ್ನಿಗೆ ಹಾಕಬೇಡಿರಿ.