ಘಟ್ಟದ ಮೇಲೆ ಕೇಳಿಸಿದ ಕಡಲು

ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ, ಒಂದು ಕಡೆ ಕೆರೆಯನ್ನೂ ಇನ್ನೊಂದು ಕಡೆ ಟೆಕ್ ಪಾರ್ಕಿನ ಗಾಜಿನ ಸೌಧಗಳನ್ನೂ ಇರಿಸಿಕೊಂಡಿರುವ ನಮ್ಮ ಪಟ್ಟಂದೂರು ಅಗ್ರಹಾರಕ್ಕೆ ಚಂಡಮಾರುತವೆಂಬುದು ಪತ್ರಿಕೆಯ ವಾರ್ತೆಯೇ ಹೊರತು ಮನೆಯ ಹೆಂಚು ಹಾರಿಸುವ ಸಂಗತಿಯಲ್ಲವೆಂದು ನಾನು ಬಹುಕಾಲ ನಂಬಿದ್ದೆನು. ಆ ನಂಬಿಕೆಯನ್ನು ಅಳಿಸಿದವನು ನಮ್ಮ ಬೀದಿಯಲ್ಲಿ ಬಾಡಿಗೆಗಿರುವ, ಕರಾವಳಿಯ ಮರವಂತೆಯ ಒಬ್ಬ ತರುಣ. 2021ರ ಮೇ ತಿಂಗಳ ನಡುವೆ, ಕೋವಿಡ್ ನಿಮಿತ್ತ ರಾಜ್ಯವೆಲ್ಲ ಲಾಕ್‌ಡೌನಿನಲ್ಲಿದ್ದು ಊರಿಗೆ ಹೊರಡಲು ಬಸ್ಸೂ ಇಲ್ಲದಿದ್ದ ದಿನಗಳಲ್ಲಿ, ಅವನು ತಾರಸಿಯ ಮೇಲೆ ಫೋನನ್ನು ಕಿವಿಗೊತ್ತಿಕೊಂಡು ನಿಂತಿರುತ್ತಿದ್ದನು. ತಾಯಿಯ ದನಿಗಿಂತ ಮೊದಲು ಕೇಳಿಸುತ್ತಿದ್ದುದು ಕಡಲಿನ ಮೊರೆತ. ಅನಂತರ ಊರಿನಲ್ಲಿ ವಿದ್ಯುತ್ತು ಹೋಗಿ ಫೋನೂ ಮೂಕವಾದಾಗ, ಆ ಮೊರೆತವನ್ನಾದರೂ ಕೇಳಿದ್ದರೆ ಸಾಕಿತ್ತು ಎಂದು ಅವನು ನನ್ನೊಡನೆ ಹೇಳಿದುದುಂಟು.

ಆ ಚಂಡಮಾರುತದ ಹೆಸರು ತೌಕ್ತೆ. ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳಿಗೆ ಹದಿಮೂರು ದೇಶಗಳು ಸರದಿಯಂತೆ ಹೆಸರಿಡುತ್ತವೆ. ಇದು ಮ್ಯಾನ್ಮಾರ್ ಕೊಟ್ಟ ಹೆಸರು, ಅಲ್ಲಿನ ಭಾಷೆಯಲ್ಲಿ ಒಂದು ಜಾತಿಯ ಹಲ್ಲಿ ಎಂದರ್ಥ. ಮೇ 14ರಂದು ಲಕ್ಷದ್ವೀಪದ ಬಳಿ ಹುಟ್ಟಿ, ಪಶ್ಚಿಮ ಕರಾವಳಿಯ ಉದ್ದಕ್ಕೂ ಉತ್ತರಾಭಿಮುಖವಾಗಿ ಸಾಗಿ, 17ರ ರಾತ್ರಿ ಗಂಟೆಗೆ 160 ಕಿಲೋಮೀಟರಿಗೂ ಮಿಕ್ಕ ವೇಗದ ಗಾಳಿಯೊಡನೆ ಗುಜರಾತಿನ ನೆಲವನ್ನು ಹೊಕ್ಕಿತು.

ಗುಜರಾತಿನಲ್ಲಿ ನೆಲ ಮುಟ್ಟಿದ ಬಿರುಗಾಳಿಗೆ ಮರವಂತೆಯ ಕಡಲು ಏಕೆ ಮೊರೆಯಬೇಕೆಂದು ಓದುಗರು ಕೇಳಬಹುದು. ಬಿಸಿಯೇರಿದ ಸಮುದ್ರದ ಮೇಲಿನ ತೇವಭರಿತ ವಾಯು ಮೇಲಕ್ಕೇರಿ, ಅಲ್ಲಿ ತಣಿದು ಮೋಡವಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. ಕೆಳಗೆ ಒತ್ತಡ ಕುಗ್ಗಿ ಸುತ್ತಲಿನ ಗಾಳಿ ಅತ್ತ ಧಾವಿಸುತ್ತದೆ. ಭೂಮಿಯ ಆವರ್ತನದ ದೆಸೆಯಿಂದ ಆ ಗಾಳಿ ನೇರವಾಗಿ ಹೋಗಲಾರದೆ, ನಮ್ಮ ಉತ್ತರಾರ್ಧಗೋಳದಲ್ಲಿ ಬಲಕ್ಕೆ ಬಾಗಿ, ಅಪ್ರದಕ್ಷಿಣವಾಗಿ ಸುತ್ತುತ್ತ ಸುಳಿಯಾಗುತ್ತದೆ. ಈ ಸುಳಿ ಕರಾವಳಿಯ ಪಶ್ಚಿಮಕ್ಕೆ ಉತ್ತರದ ಕಡೆ ಸರಿಯುತ್ತಿರುವಾಗ ಅದರ ಆಗ್ನೇಯ ಪಾರ್ಶ್ವದ ಗಾಳಿ ನೈಋತ್ಯದಿಂದ ಬೀಸಿ, ಅಲೆಗಳನ್ನು ನೇರವಾಗಿ ನಮ್ಮ ದಡಕ್ಕೆ ತಂದೊಡ್ಡುತ್ತದೆ. ಆದುದರಿಂದ ಕನ್ನಡ ಕರಾವಳಿಯವರು ಕಂಡದ್ದು ಗಾಳಿಯ ರೌದ್ರಕ್ಕಿಂತಲೂ ಮಿಗಿಲಾಗಿ ಕಡಲ್ಕೊರೆತವನ್ನು. ಗಾಳಿ ಬಂದು ಹೋಗುತ್ತದೆ. ಕಡಲು ಒಯ್ದ ನೆಲವಾದರೋ ಸುಲಭವಾಗಿ ಹಿಂದಿರುಗುವುದಿಲ್ಲ.

ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳಲ್ಲಿ ಅಲೆಗಳು ತಡೆಗೋಡೆಯ ಬಂಡೆಗಳನ್ನು ಮೀರಿ ಮನೆಗಳ ಅಂಗಳಕ್ಕೆ ನುಗ್ಗಿದುವು. ಮೂಲ್ಕಿಯ ಬಳಿಯ ಕಡಲಿನಲ್ಲಿ ಬಂಡೆಗಳ ನಡುವೆ ಸಿಲುಕಿದ್ದ ಕೋರಮಂಡಲ್ ಸಪೋರ್ಟರ್ ಎಂಬ ಟಗ್ ನೌಕೆಯ ಒಂಬತ್ತು ಮಂದಿಯನ್ನು ನೌಕಾಪಡೆಯವರೂ ಕೋಸ್ಟ್ ಗಾರ್ಡಿನವರೂ ಮೇ 17ರಂದು ಬದುಕಿಸಿ ತಂದರು. ಜೂನ್ 1ರಿಂದ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅದಕ್ಕೆ ಮುನ್ನ ಉಳಿದಿದ್ದ ಎರಡು ವಾರಗಳ ದುಡಿಮೆಯ ಮೇಲೆ ತೂಫಾನು ಎರಗಿತೆಂಬುದನ್ನು ನೆನೆದರೆ, ಬೋಟಿನವರ ಮನೆಗಳಲ್ಲಿ ಆ ಮಳೆಗಾಲ ಹೇಗೆ ಕಳೆದಿರಬಹುದೆಂದು ನನ್ನ ಮನಸ್ಸು ಈಗಲೂ ಕಳವಳಗೊಳ್ಳುತ್ತದೆ.

ಮರವಂತೆಯೆಂದರೆ ಒಂದು ಪಕ್ಕದಲ್ಲಿ ಸಮುದ್ರ, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಪ್ರವಾಸಿಗರು ಕಾರು ನಿಲ್ಲಿಸಿ ಮೆಚ್ಚುವ ದೃಶ್ಯ. ಆ ಸೌಂದರ್ಯದಲ್ಲೇ ಅಲ್ಲಿನವರ ಸಂಕಟವೂ ಅಡಗಿರುವುದು, ಹಿಂದೆ ಸರಿಯಲು ನೆಲವೆಲ್ಲಿದೆ? ಫೋನು ಮೂಕವಾದ ಮರುದಿನ ಸಂಜೆ ಅದು ಮತ್ತೆ ಹತ್ತಿದಾಗ ತರುಣನ ತಾಯಿ ಮೊದಲು ಆಡಿದ ಮಾತಿಷ್ಟು: “ಮಗಾ, ತೆಂಗಿನ್ ಮರ ಹೋಯ್ತ್, ಮನಿ ಇತ್ತ್.” ಆ ಮರಗಳನ್ನು ನೆಟ್ಟವನು ಅವನ ಅಜ್ಜ. ಬೇರಿನಡಿಯ ಮರಳನ್ನು ಅಲೆ ಮೊದಲು ಮೆಲ್ಲನೆ ಕಬಳಿಸುತ್ತದೆಂದೂ, ಮರವು ಒಂದು ಗಳಿಗೆ ತಡೆದು ನಿಂತಂತೆ ತೋರಿ ಅನಂತರ ಕಡಲ ಕಡೆಗೇ ವಾಲುತ್ತದೆಂದೂ ಆಕೆ ವಿವರಿಸಿದಳಂತೆ. ಬಾವಿಗೆ ಉಪ್ಪುನೀರು ಸೇರಿದ್ದನ್ನು ಮಾತ್ರ ಮಗ ಚಿಂತಿಸುವನೆಂದು ಒಂದು ವಾರ ಮುಚ್ಚಿಟ್ಟಿದ್ದಳು. ನಮ್ಮ ಬೀದಿಯಲ್ಲಿಯೂ ಬೇಸಗೆಯಲ್ಲಿ ಟ್ಯಾಂಕರಿನ ನೀರಿಗಾಗಿ ಕಾಯುವವರೇ ಹೆಚ್ಚು. ಕೊಡ ಇಳಿಸಿ ಉಪ್ಪು ನೀರನ್ನು ಮೊಗೆದವಳ ದುಃಖ ಇಲ್ಲಿನ ಹೆಂಗಸರಿಗೆ ವಿವರಣೆಯಿಲ್ಲದೆಯೇ ಅರ್ಥವಾಯಿತು.

ಘಟ್ಟದ ಮೇಲಿನ ನಮಗೆ ಚಂಡಮಾರುತ ಬರುವುದು ಬಹುಮಟ್ಟಿಗೆ ಬಂಗಾಳ ಕೊಲ್ಲಿಯಿಂದ. ನೆಲವನ್ನೇರಿದೊಡನೆ ಕಡಲಿನ ತೇವ ದೊರೆಯದೆ ಅದು ಸೊರಗುತ್ತದೆ. ಆದರೆ ಮೋಡಗಳ ಹಾಸು ಇಲ್ಲಿಯವರೆಗೂ ಹಬ್ಬಿ, ಬಿಸಿಲು ಕಾಣದ ಜಡಿಮಳೆಯನ್ನು ಸುರಿಸುತ್ತದೆ. ‘ಸೈಕ್ಲೋನ್ ಮಳೆ’ ಎಂದು ಎಲ್ಲರೂ ಸ್ವೆಟರು ತೊಟ್ಟು ಕಚೇರಿಗೆ ನಡೆಯುತ್ತಾರೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಹೀಗೆಯೇ ದುರ್ಬಲಗೊಂಡು ಪಶ್ಚಿಮಕ್ಕೆ ಚಲಿಸಿತು. ಡಿಸೆಂಬರ್ 3ರಂದು ಅದರ ಮಳೆಗಾಗಿ ದಕ್ಷಿಣ ಕನ್ನಡದ ಶಾಲೆಗಳಿಗೆ ರಜೆ ಸಾರಲಾಯಿತು.

ಅದರ ಹಿಂದಿನ ಸಂಜೆ ಕೆರೆಯ ಏರಿಯ ಬಳಿ ಕೊಡೆ ಹಿಡಿದು ನಿಂತಿದ್ದ ತರುಣನನ್ನು ಕಂಡೆನು. ಈ ಸಲ ಮೋಡ ನಮ್ಮ ತಲೆಯ ಮೇಲಿನಿಂದ ಅವನ ಊರಿನ ಕಡೆಗೆ ಹೊರಟಿತ್ತು. ಸುದ್ದಿ ಹೇಳುವ ಸರದಿ ಮಗನದಾಗಿತ್ತು. “ಅಮ್ಮಾ, ನಾಳೆ ಮಳೆ ಅಲ್ಲಿಗೆ ಬರುತ್ತದೆ” ಎಂದು ಅವನು ಫೋನಿನಲ್ಲಿ ಎಚ್ಚರಿಸುತ್ತಿದ್ದನು. ಅಂಗಳದಲ್ಲಿ ಒಣಗಹಾಕಿದ್ದ ಮೀನನ್ನು ಆಗಲೇ ಒಳಗೆ ತೆಗೆದಿಟ್ಟಿರುವುದಾಗಿ ಆಕೆ ಉತ್ತರಿಸಿದಳಂತೆ.